ಹುಷಾರಿಲ್ಲದ ಹುಡುಗ

ನಾನು ದಡ್ಡ ಎಂಬುದನ್ನು ಮೊಟ್ಟಮೊದಲು ಲಿಖಿತವಾಗಿ ಘೋಷಿಸಿದವನು ನಾನೇ. ಮೇಲೆ ತಾರೀಕು ಹಾಕಿ, ಕೆಳಗೆ ‘ಆಪಲಾ ಆಜ್ಞಾಧಾರಕ್ ವಿದ್ಯಾರ್ಥಿ’ ಎಂದು ಬರೆದು, ಸಹಿ ಮಾಡಿ ಕೊಟ್ಟ ಕಾಗದ ಅದು. ನನ್ನ ಮುಂದಿನ ಹನ್ನೊಂದು ವರ್ಷದ ವಿದ್ಯಾಭ್ಯಾಸವೆಲ್ಲ ಆ ಕಾಗದಕ್ಕೆ ಪುರಾವೆ ಒದಗಿಸುವುದರಲ್ಲೇ ಕಳೆಯಿತು.

2003ರ ಮಳೆಗಾಲದಲ್ಲಿ ನಾವು ಶಿರೂರಿನಿಂದ ಶಿರೂರಿಗೆ ಬಂದೆವು. ಹೀಗೆ ಹೇಳಿದರೆ ಜನ ನನ್ನ ಭೂಗೋಳದ ಮಾರ್ಕಿನ ಬಗ್ಗೆ ಅನುಮಾನ ಪಡುತ್ತಾರೆ. ಮೊದಲನೆಯ ಶಿರೂರು ಬೈಂದೂರಿನ ಆಚೆಯದು, ಉಡುಪಿ ಜಿಲ್ಲೆಯ ಬಡಗಣ ತುದಿ. ಅಲ್ಲಿಂದ ಮುಂದೆ ಕಾಲಿಟ್ಟರೆ ಉತ್ತರ ಕನ್ನಡ, ಭಟ್ಕಳ. ಎರಡನೆಯದು ಪುಣೆಯಿಂದ 65 ಕಿ.ಮೀ. ಚಿಲ್ಲರೆ ದೂರದಲ್ಲಿ, ನಗರ ರಸ್ತೆಯಲ್ಲಿ, ಘೋಡ ನದಿಯ ದಂಡೆಯಲ್ಲಿದೆ. ಹಳಬರು ಊರನ್ನೇ ‘ಘೋಡನದಿ’ ಎನ್ನುತ್ತಾರೆ. ಹೊಳೆ ದಾಟಿದರೆ ಪುಣೆ ಜಿಲ್ಲೆ ಮುಗಿದು, ಆಗಿನ ಅಹ್ಮದ್‌ನಗರ (ಬಾಯಿಮಾತಿಗೆ ಬರೀ ‘ನಗರ’), ಈಗಿನ ಅಹಿಲ್ಯಾನಗರ ಜಿಲ್ಲೆ ಶುರು. ಎರಡೂ ಶಿರೂರುಗಳು ಜಿಲ್ಲೆಯ ಅಂಚಿಗೆ ಜೋತುಬಿದ್ದವು. ನಾನೂ ಅಷ್ಟೇ, ಮೂವತ್ತೈದರ ಅಂಚಿಗೆ.

ಹೆದ್ದಾರಿ ಪಕ್ಕದಲ್ಲಿ ಅಪ್ಪಯ್ಯ ಹೋಟೆಲ್ ಹಾಕಿದರು. ರಾಂಜಣಗಾಂವ್ ಎಂಐಡಿಸಿಯ ಕಾರ್ಖಾನೆಗಳಿಗೆ ಹೋಗಿಬರುವವರು, ನಗರಕ್ಕೆ ಹೋಗುವ ಲಾರಿಯವರು, ಪೇಟೆಗೆ ಬರುವ ರೈತರು ಗಿರಾಕಿಗಳು. ಪುಣೆಯಲ್ಲಿ ಜಾಗ ಸಿಕ್ಕಿದ್ದರೂ ಇಲ್ಲಿಗೇ ಯಾಕೆ ಬಂದಿರಿ ಎಂದು ಕೇಳಿದರೆ, “ಊರ ಹೆಸ್ರು ಒಂದೇ ಇತ್ತಲ್ಲ ಮಾರಾಯ, ಊರು ಬಿಟ್ಟಾಂಗೆ ಆತಿಲ್ಲ” ಎನ್ನುತ್ತಿದ್ದರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಉಡುಪಿ ಜಿಲ್ಲೆ ಸಾಮಾನ್ಯವಾಗಿ ರಾಜ್ಯದಲ್ಲಿ ಮೇಲಿನ ಸಾಲಿನಲ್ಲೇ ಇರುತ್ತದೆ. ನಾನು ಎಂಟನೇ ಕ್ಲಾಸಿಗೇ ಗಡಿ ದಾಟಿ ಬಂದದ್ದು ಆ ಜಿಲ್ಲೆಗೆ ಮಾಡಿದ ಉಪಕಾರ. ಇದನ್ನು ಯಾರೂ ಎಲ್ಲೂ ದಾಖಲಿಸಿಲ್ಲ, ಆದ್ದರಿಂದ ನಾನೇ ಇಲ್ಲಿ ಬರೆದಿಡುತ್ತಿದ್ದೇನೆ.

ಕಾಗದದ ಕತೆಗೆ ಬರುತ್ತೇನೆ. ಕನ್ನಡ ಶಾಲೆಯಿಂದ ಎದ್ದುಬಂದು ಮರಾಠಿ ಮೀಡಿಯಮ್ಮಿನಲ್ಲಿ ಕೂತು ಎರಡು ತಿಂಗಳಾಗಿತ್ತು. ಲಿಪಿ ಹಿಂದಿಯದೇ ಆದ್ದರಿಂದ ಓದಲು ಬರುತ್ತಿತ್ತು, ಅರ್ಥ ಮಾತ್ರ ದೇವರಿಗೆ ಪ್ರೀತಿ. ಆಗ ಜ್ವರ ಬಂತು. ರಜಾ ಅರ್ಜಿಯನ್ನು ನಾನೇ ಮರಾಠಿಯಲ್ಲಿ ಬರೆದು ಮೇಷ್ಟರನ್ನು ಬೆರಗುಗೊಳಿಸಬೇಕೆಂದು ಹಟ ಹುಟ್ಟಿತು. ‘ನನಗೆ ಹುಷಾರಿಲ್ಲ, ಎರಡು ದಿನ ರಜೆ ಕೊಡಬೇಕು’ ಎಂಬಷ್ಟೇ ಸಂಗತಿ. ಅದರಲ್ಲಿ ‘ಹುಷಾರ್’ ಎಂಬ ಮಾತು ಮರಾಠಿಯಲ್ಲೂ ಇದೆ, ಕ್ಲಾಸಿನಲ್ಲಿ ದಿನಾ ಕೇಳುತ್ತಿದ್ದೇನೆ. ಅರ್ಧ ಕೆಲಸ ಆದಹಾಗೇ ಅಂದುಕೊಂಡು ಬರೆದೆ: ‘ಮೀ ಹುಶಾರ್ ನಾಹೀ, ಮ್ಹಣೂನ್ ಮಲಾ ದೋನ್ ದಿವಸಾಂಚೀ ರಜಾ ದ್ಯಾವೀ.’

ಮರಾಠಿಯಲ್ಲಿ ಹುಶಾರ್ ಎಂದರೆ ಬುದ್ಧಿವಂತ. ‘ನಾನು ಬುದ್ಧಿವಂತನಲ್ಲ, ಆದಕಾರಣ ಎರಡು ದಿನ ರಜೆ ದಯಪಾಲಿಸಬೇಕು’ ಎಂದು ನಾನು ಕೋರಿದ್ದೆ.

ಮೇಷ್ಟರು ಅದನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಇಡೀ ಕ್ಲಾಸಿಗೆ ಕೇಳುವ ಹಾಗೆ, ಪದ್ಯ ಓದುವ ರಾಗದಲ್ಲಿ ಓದಿದರು. ಕೆಳಗೆ ಕೆಂಪು ಶಾಯಿಯಲ್ಲಿ ಬರೆದರು: ‘ಮಂಜೂರ್. ಕಾರಣ್ ಖರೇ ಆಹೇ.’ ಕಾರಣ ನಿಜವೇ ಇದೆ ಅಂತ. ರಜೆಯೇನೋ ಸಿಕ್ಕಿತು. ಎರಡು ದಿನ ಮಲಗಿ ವಾಪಸು ಹೋದಾಗ ಹಿಂದಿನ ಬೆಂಚಿನವರು ಎದ್ದು ನಿಂತು ಜಾಗ ಕೊಟ್ಟರು.

ಎರಡು ಭಾಷೆಗಳ ನಡುವಿನ ಈ ಗುಂಡಿಗೆ ಮುಂದೆ ಅಮ್ಮನೂ ಬಿದ್ದಳು. ಮರಾಠಿಯಲ್ಲಿ ಮಾರ್ಕಿಗೆ ‘ಗುಣ’ ಅನ್ನುತ್ತಾರೆ, ಮಾರ್ಕ್ಸ್ ಕಾರ್ಡಿಗೆ ‘ಗುಣಪತ್ರಕ’. ಸಹಾಮಾಹಿಯ, ಎಂದರೆ ಆರು ತಿಂಗಳ ಪರೀಕ್ಷೆಯ ಗುಣಪತ್ರಕವನ್ನು ಅಮ್ಮ ಅಕ್ಷರ ಕೂಡಿಸಿ ಓದಿ, ಮಗನ ನಡತೆಗೂ ಶಾಲೆಯವರು ಪತ್ರ ಕೊಟ್ಟಿದ್ದಾರೆಂದು ದೇವರ ಮುಂದಿಟ್ಟಳು. ಸಂಜೆ ಅದರೊಳಗಿನ ಅಂಕಿಗಳನ್ನು ನೋಡಿದಳು. ‘ಗಣಿತ: ಗುಣ 36’. “ನೂರರಲ್ಲಿ ಮೂವತ್ತಾರೇ ಗುಣವಾ? ಹಾಂಗಾರೆ ಬಾಕಿ ಅರ್ವತ್ನಾಲ್ಕು ಎಂತದಾ?” ಅಂದಳು. ಅದು ಮಾರ್ಕು ಎಂದು ನಾನು ವಿವರಿಸಿದ ಮೇಲೂ ಅವಳ ಮುಖ ತಿಳಿಯಾಗಲಿಲ್ಲ. ನಡತೆಯಾಗಿದ್ದರೇ ವಾಸಿಯಿತ್ತು, ತಿದ್ದಬಹುದಿತ್ತು ಎಂದು ಅವಳಿಗೆ ಅನ್ನಿಸಿರಬೇಕು.

ಒತ್ತಡ, ಟೆನ್ಶನ್ ಎಂದೆಲ್ಲ ಈಗ ಹೇಳುತ್ತಾರೆ. ನಮ್ಮ ಹೋಟೆಲಿನಲ್ಲಿ ಅದು ಟೇಬಲ್ಲಿನಿಂದ ಟೇಬಲ್ಲಿಗೆ ಸಪ್ಲೈ ಆಗುತ್ತಿತ್ತು. ನಾನು ಗಲ್ಲಾಪೆಟ್ಟಿಗೆಯ ಹಿಂದಿನ ಸ್ಟೂಲಿನಲ್ಲಿ ಕೂತು ಓದಬೇಕು. ಚಹಾ ಕುಡಿಯುವ ಪ್ರತಿಯೊಬ್ಬ ಗಿರಾಕಿಯೂ ಚಿಲ್ಲರೆಯ ಜೊತೆ ಒಂದು ಪ್ರಶ್ನೆ ಹಾಕಿ ಹೋಗಬೇಕು. ಇವರಲ್ಲಿ ರಿಟೈರಾದ ಗುರೂಜಿಯೊಬ್ಬರು ಇದ್ದರು. ದಿನಾ ಬೆಳಿಗ್ಗೆ ಒಂದು ಇಡ್ಲಿ, ಅರ್ಧ ಚಹಾ. ಅರ್ಧ ಚಹಾ ಕುಡಿಯುವವರಾದ್ದರಿಂದ ಲೆಕ್ಕವನ್ನೂ ಭಿನ್ನರಾಶಿಯಲ್ಲೇ ಕೇಳುತ್ತಿದ್ದರು. ಪಾವಕಿ, ನಿಮಕಿ, ಪಾವುಣಕಿ, ಸವಾಯಕಿ, ದೀಡಕಿ. ಇವೆಲ್ಲ ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳು. ಹದಿನೇಳು ಮುಕ್ಕಾಲು ಎಷ್ಟು ಎಂದು ಅವರು ಕೇಳಿದರೆ ನಾನು ಛಾವಣಿ ನೋಡುತ್ತಿದ್ದೆ. ಒಳಗಿನಿಂದ ನಮ್ಮ ಅಡುಗೆಭಟ್ಟರು, ಏಳನೇ ಕ್ಲಾಸು ಬಿಟ್ಟುಬಂದವರು, ಹಿಟ್ಟು ರುಬ್ಬುತ್ತಲೇ “ಹನ್ನೆರಡೂ ಮುಕ್ಕಾಲ್” ಎಂದು ಕೂಗುತ್ತಿದ್ದರು. ಗುರೂಜಿ ನನ್ನನ್ನೊಮ್ಮೆ, ಅಡುಗೆಮನೆಯ ಬಾಗಿಲನ್ನೊಮ್ಮೆ ನೋಡಿ ಅಪ್ಪಯ್ಯನಿಗೆ, “ಶೇಟ್, ನೀವು ಶಾಲೆಗೆ ಕಳಿಸುವ ಆಳು ಅದಲುಬದಲಾಗಿದೆ” ಅನ್ನುತ್ತಿದ್ದರು.

ಹತ್ತನೇ ಕ್ಲಾಸಿಗೆ ಬಂದಾಗ ಮನೆಯಲ್ಲಿ ಎರಡು ವಸ್ತು ಹೊಸದಾಗಿ ಪ್ರವೇಶ ಪಡೆದವು. ಒಂದು, ಊರಿನಿಂದ ಅಜ್ಜಿ ಬಸ್ಸಿನಲ್ಲಿ ಕಳಿಸಿದ ಒಂದೆಲಗ. ಜ್ಞಾಪಕಶಕ್ತಿಗೆ ಒಳ್ಳೆಯದೆಂದು ಅಮ್ಮ ಅದರ ತಂಬುಳಿ ಮಾಡಿ ದಿನಾ ರಾತ್ರಿ ಎರಡು ಲೋಟ ಕುಡಿಸುತ್ತಿದ್ದಳು. ಮಜ್ಜಿಗೆ, ತೆಂಗಿನಕಾಯಿ, ಒಂದೆಲಗ ಸೇರಿದರೆ ಜ್ಞಾಪಕಶಕ್ತಿಗಿಂತ ಮೊದಲು ನಿದ್ದೆ ಬರುತ್ತದೆ. ಎರಡನೆಯದು ‘21 ಅಪೇಕ್ಷಿತ’. ಮಹಾರಾಷ್ಟ್ರದಲ್ಲಿ ಹತ್ತನೇ ಕ್ಲಾಸು ದಾಟಿದವರಿಗೆ ಈ ಹೆಸರು ಹೇಳಿದರೆ ಸಾಕು, ಈಗಲೂ ಬೆನ್ನು ನೆಟ್ಟಗಾಗುತ್ತದೆ. ಪರೀಕ್ಷೆಗೆ ಬರಬಹುದಾದ ಪ್ರಶ್ನೆಪತ್ರಿಕೆಗಳ ದಪ್ಪ ಕಟ್ಟು ಅದು. ನಾನು ಅದನ್ನು ಓದಿದ ಕ್ರಮಕ್ಕೆ ಅಲ್ಲಿ ‘ಘೋಕಂಪಟ್ಟಿ’ ಎನ್ನುತ್ತಾರೆ, ನಮ್ಮಲ್ಲಿ ಉರುಹೊಡೆಯುವುದು. ಇಪ್ಪತ್ತರ ತನಕ ಉರುಹೊಡೆದು, ಇಪ್ಪತ್ತೊಂದನೆಯದನ್ನು ಒಂದೆಲಗಕ್ಕೆ ಬಿಟ್ಟು ಮಲಗಿದೆ. ಗಣಿತದ ಪತ್ರಿಕೆ ಕೈಗೆ ಬಂದಾಗ ಎಲ್ಲವೂ ಇಪ್ಪತ್ತೊಂದನೆಯದರ ಹಾಗೇ ಕಾಣಿಸಿತು.

2006ರ ಜೂನಿನಲ್ಲಿ ಫಲಿತಾಂಶ ಬಂತು, ನನಗೆ ಶೇಕಡಾ 61. ಅದೇ ವರ್ಷ ಊರಿನಲ್ಲಿ ಚಿಕ್ಕಪ್ಪನ ಮಗ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 590 ತೆಗೆದಿದ್ದ. ಅಜ್ಜಿಗೆ ಶೇಕಡಾ ಎಂಬ ಉಪದ್ರವದ ಪರಿಚಯವಿರಲಿಲ್ಲ. ಫೋನಿನಲ್ಲಿ, “ಅವ್ನಿಗ್ ಐನೂರ ತೊಂಬತ್ತಂಬ್ರ್. ನಿಂಗೆ ಬರೀ ಅರ್ವತ್ತೊಂದಾ ಮಗಾ? ಉಳ್ದದ್ದ್ ಎಲ್ ಹೋಯ್ತ್?” ಅಂದರು. ಎಸ್‌ಟಿಡಿ ಮೀಟರು ಓಡುತ್ತಿತ್ತು. ಶೇಕಡಾ ವಿವರಿಸುವಷ್ಟು ಹಣ ನನ್ನ ಜೇಬಿನಲ್ಲಿರಲಿಲ್ಲ. ಮುಂದಿನ ತಿಂಗಳು ಒಂದೆಲಗದ ಕಟ್ಟು ಎರಡರಷ್ಟಾಯಿತು.

ಹನ್ನೊಂದು, ಹನ್ನೆರಡನ್ನು ಬೇಗ ಮುಗಿಸುತ್ತೇನೆ. ನಾನೂ ಹಾಗೇ ಮಾಡಿದ್ದೆ.

2008ರಲ್ಲಿ ಪುಣೆ ವಿಶ್ವವಿದ್ಯಾಲಯದಡಿಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗಿಗೆ ಸೇರಿದೆ. ನನಗೆ ಯಂತ್ರಗಳ ಮೇಲೆ ಒಲವಿತ್ತು ಎಂದೇನಲ್ಲ. ಹೋಟೆಲಿನ ಗ್ರೈಂಡರು ಪದೇಪದೇ ಕೆಡುತ್ತಿತ್ತು, ರಿಪೇರಿಯವನು ನಗರದಿಂದ ಬರಬೇಕಿತ್ತು, ಅಪ್ಪಯ್ಯ ದೂರದ ಲೆಕ್ಕ ಹಾಕಿದರು. ಆರು ವರ್ಷದ ನಂತರವೂ ಅವನೇ ಬರುತ್ತಿದ್ದ, ಬಿಡಿ.

ಮೊದಲ ವರ್ಷದ ದೊಡ್ಡ ಕಂಟಕ ಡ್ರಾಯಿಂಗ್ ಶೀಟುಗಳು. ಪುಣೆಯ ಇಂಜಿನಿಯರಿಂಗ್ ಹುಡುಗರಿಗೆ ಇದಕ್ಕೊಂದು ಪರಂಪರಾಗತ ಮದ್ದುಂಟು: ಜಿಟಿ, ಅಂದರೆ ಗ್ಲಾಸ್ ಟ್ರೇಸಿಂಗ್. ಬುದ್ಧಿವಂತನ ಶೀಟಿನ ಮೇಲೆ ನಿಮ್ಮ ಖಾಲಿ ಶೀಟು ಹಾಸಿ, ಎರಡನ್ನೂ ಗಾಜಿನ ಮೇಲಿಟ್ಟು, ಕೆಳಗಿನಿಂದ ಬಲ್ಬು ಹಚ್ಚಿದರೆ ಗೆರೆಗಳು ತಾವಾಗಿ ಮೇಲೆ ಬರುತ್ತವೆ. ಹಾಸ್ಟೆಲಿನಲ್ಲಿ ಒಂದು ಗಾಜಿಗೆ ಹನ್ನೆರಡು ಜನರ ಸರದಿ. ನನಗೆ ಸರದಿ ಯಾಕೆ? ಶಿರೂರಿನಲ್ಲಿ ಸ್ವಂತ ಗಾಜಿನ ಕೌಂಟರ್ ಇದೆ. ಒಳಗೆ ಟ್ಯೂಬ್‌ಲೈಟ್ ಇದೆ. ವಡೆ, ಬನ್ಸ್, ಗೋಳಿಬಜೆ ಕಾಣಲೆಂದು ಅಪ್ಪಯ್ಯ ಹಾಕಿಸಿದ್ದು. ಶನಿವಾರ ರಾತ್ರಿ ಶಟರ್ ಎಳೆದ ಮೇಲೆ ಶುರುಮಾಡಿದರೆ, ಬೆಳಗಾಗುವುದರೊಳಗೆ ನಾಲ್ಕು ಶೀಟು ಮುಗಿದವು. ಇಡೀ ಕಾಲೇಜಿನಲ್ಲಿ ನನ್ನಷ್ಟು ನೇರವಾದ ಗೆರೆ ಯಾರದೂ ಇರಲಿಲ್ಲ.

ಓರಲ್ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಮೂರನೇ ಶೀಟನ್ನು ಬೆಳಕಿಗೆ ಹಿಡಿದರು. ಮೂಲೆಯಲ್ಲಿ ಅಚ್ಚುಕಟ್ಟಾದ ಒಂದು ದುಂಡು, ಅದರ ನಟ್ಟನಡುವೆ ಸಣ್ಣ ತೂತಿನ ಗುರುತು. ಕಾಗದ ಅಲ್ಲಿ ಪಾರದರ್ಶಕವಾಗಿತ್ತು.

“ಇದು ಯಾವುದರ ಪ್ರೊಜೆಕ್ಷನ್?”

ಕೌಂಟರಿನ ಮೇಲೆ ಉಳಿದಿದ್ದ ಉದ್ದಿನ ವಡೆಯೊಂದರದು ಎಂದು ಹೇಳಲು ಬರುತ್ತದೆಯೇ? “ವಾಷರ್ ಸರ್” ಅಂದೆ.

ಅವರು ಶೀಟನ್ನು ಮೂಗಿನ ಹತ್ತಿರ ತಂದರು. “ವಾಷರಿಗೆ ಕರಿಬೇವಿನ ವಾಸನೆ ಯಾಕೆ?”

ಶೀಟುಗಳನ್ನು ಮತ್ತೆ ಬರೆದೆ, ಈ ಸಲ ಕೈಯಾರೆ. ಗೆರೆಗಳು ನನ್ನವೇ ಎಂದು ಯಾರಿಗೂ ಅನುಮಾನ ಬರದಷ್ಟು ಸೊಟ್ಟಗಿದ್ದವು.

ಎರಡನೇ ವರ್ಷದಲ್ಲಿ ಎಮ್-ತ್ರೀ ಬಂತು. ಇಂಜಿನಿಯರಿಂಗ್ ಗಣಿತದ ಮೂರನೇ ಕಂತು. ಲ್ಯಾಪ್ಲಾಸ್, ಫೂರಿಯೆ ಎಂಬ ಇಬ್ಬರು ಫ್ರೆಂಚರು ಅದರಲ್ಲಿ ಠಿಕಾಣಿ ಹೂಡಿದ್ದಾರೆ. ಇಬ್ಬರೂ ತೀರಿಕೊಂಡು ಎರಡು ಶತಮಾನ ಆಗುತ್ತ ಬಂದರೂ ನನ್ನ ಮೇಲಿನ ಅವರ ಸಿಟ್ಟು ಇಳಿದಿರಲಿಲ್ಲ. ನೂರಕ್ಕೆ ನಲವತ್ತು ಬೇಕು. ಮೊದಲ ಸಲ 19 ಬಂತು. ಆದರೂ ಮುಂದಿನ ವರ್ಷಕ್ಕೆ ಹೋಗಬಹುದು ಎಂದು ತಿಳಿದಾಗ ಕಣ್ಣಲ್ಲಿ ನೀರು ಬಂತು. ಇದಕ್ಕೆ ಎಟಿಕೆಟಿ ಎಂದು ಹೆಸರು. ಪುಣೆ, ಮುಂಬಯಿಯ ವಿದ್ಯಾರ್ಥಿಲೋಕದಲ್ಲಿ ಇದಕ್ಕಿಂತ ಕರುಣಾಮಯಿಯಾದ ನಾಲ್ಕಕ್ಷರ ಬೇರೆಯಿಲ್ಲ. ಬಿದ್ದ ವಿಷಯವನ್ನು ಹೆಗಲಿಗೆ ಹಾಕಿಕೊಂಡು ಮುಂದಿನ ತರಗತಿಗೆ ನಡೆ ಎಂಬ ಅಪ್ಪಣೆ ಅದು.

ಅಪ್ಪಯ್ಯನಿಗೆ ಫೋನಿನಲ್ಲಿ, “ಎಮ್-ತ್ರೀಯಲ್ಲಿ ಎಟಿಕೆಟಿ ಸಿಕ್ಕಿದೆ” ಎಂದೆ. ದನಿಯಲ್ಲಿ ಸ್ವಲ್ಪ ಸಂತೋಷ ಇದ್ದಿರಬೇಕು. ಅವರು ಅದನ್ನು ಪದವಿಯೆಂದು ತಿಳಿದರು. ಆ ಸಲ ಊರಿನ ಮಾರಿಹಬ್ಬಕ್ಕೆ ಹೋದಾಗ, “ನಮ್ ಮಾಣಿ ಇಂಜಿನಿಯರಿಂಗ್ ಒಟ್ಟಿಗೇ ಎಟಿಕೆಟಿನೂ ಮಾಡ್ತಾ ಇದ್ದ” ಎಂದು ಹತ್ತು ಜನರ ಎದುರು ಹೇಳಿದರು. ಯಾರೋ, ಅದು ಎಷ್ಟು ವರ್ಷದ್ದು ಎಂದು ಕೇಳಿದರು. “ಅದು ಅವ್ರವ್ರ ಸಾಮರ್ಥ್ಯದ ಮೇಲೆ” ಎಂದು ನಾನು ಸತ್ಯವನ್ನೇ ನುಡಿದೆ. ಅಷ್ಟರಲ್ಲಿ 590 ತೆಗೆದಿದ್ದ ಆ ಚಿಕ್ಕಪ್ಪನ ಮಗ ಬಾಯಿ ತೆರೆದ. ಅವನಿಗೆ ಮುಂಬಯಿಯಲ್ಲಿ ಸ್ನೇಹಿತರಿದ್ದರು.

ಶಿರೂರಿಗೆ ವಾಪಸಾಗುವ ದಾರಿಯುದ್ದಕ್ಕೂ ಅಪ್ಪಯ್ಯ ಮಾತಾಡಲಿಲ್ಲ. ಹೋಟೆಲಿನ ಗಲ್ಲಾದಲ್ಲಿ ಕೂತು, ಗೋಡೆಯ ಮೇಲಿದ್ದ ‘ಆಜ್ ರೋಖ್, ಉದ್ಯಾ ಉಧಾರ್’ (ಇಂದು ನಗದು, ನಾಳೆ ಸಾಲ) ಬೋರ್ಡನ್ನು ತುಂಬ ಹೊತ್ತು ನೋಡಿ, “ಅಂದ್ರೆ ಉದ್ರಿ ಅಲ್ದಾ!” ಅಂದರು. ಎಟಿಕೆಟಿಯ ಬಗ್ಗೆ ಇದಕ್ಕಿಂತ ಚೊಕ್ಕ ವ್ಯಾಖ್ಯಾನವನ್ನು ನಾನು ಕೇಳಿಲ್ಲ. ಅಂದಿನಿಂದ ಪರೀಕ್ಷೆ ಬಂದಾಗೆಲ್ಲ ಅವರು ಕೇಳುತ್ತಿದ್ದದ್ದು, “ಹಳೇ ಬಾಕಿ ಎಷ್ಟಿತ್ತ್ ಈಗ?” ಎಂದು.

ಅಮ್ಮ ಬೇರೆ ದಾರಿ ಹಿಡಿದಳು. ಶಿರೂರಿನಿಂದ ಪುಣೆಯ ಕಡೆಗೆ ಹೋಗುವಾಗ ದಾರಿಯಲ್ಲಿ ಸಿಗುವ ಊರು ರಾಂಜಣಗಾಂವ್, ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದು. ಇಲ್ಲಿನ ಮಹಾಗಣಪತಿಯ ಕತೆ ಎಟಿಕೆಟಿಯವರಿಗೆಂದೇ ಹುಟ್ಟಿದ್ದು. ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಟ ಶಿವ ಗಣಪತಿಯನ್ನು ನೆನೆಯದೆ ಹೋದನಂತೆ, ಗೆಲುವು ಸಿಗಲಿಲ್ಲವಂತೆ; ತಿರುಗಿ ಬಂದು ಮಗನನ್ನು ಪೂಜಿಸಿ ಹೋದ ಮೇಲೆ ಗೆದ್ದನಂತೆ. “ಶಿವಂಗೇ ಎರಡ್ನೇ ಸಲಕ್ಕೆ ಆದ್ದ್” ಎಂಬುದು ಅಮ್ಮನ ಸಮಾಧಾನ. ನಿಜವಾದ ಮೂರ್ತಿ ನೆಲಮಾಳಿಗೆಯಲ್ಲಿದೆ, ಮಹೋತ್ಕಟ ಎಂದು ಹೆಸರು, ಹತ್ತು ಸೊಂಡಿಲು, ಇಪ್ಪತ್ತು ಕೈ ಎಂದೂ ಜನ ಹೇಳುತ್ತಾರೆ. ಮೂರು ಗಂಟೆಯಲ್ಲಿ ಎಮ್-ತ್ರೀ ಪತ್ರಿಕೆ ಬರೆದು ಮುಗಿಸಲು ಸರಿಯಾಗಿ ಅಷ್ಟೇ ಕೈ ಬೇಕು.

ಮೂರನೆಯ ಪ್ರಯತ್ನದ ಹಿಂದಿನ ದಿನ ನಾನು ಮನೆಗೆ ಬಂದಿದ್ದೆ. ಬೆಳಿಗ್ಗೆ ಐದೂವರೆಯ ಎಸ್‌ಟಿ ಬಸ್ಸು ಹತ್ತಿ, ರಾಂಜಣಗಾಂವಿನಲ್ಲಿ ಇಳಿದು, ಪೆನ್ನನ್ನು ದೇವರ ಪಾದದಲ್ಲಿಟ್ಟು, ಮುಂದಿನ ಬಸ್ಸಿಗೆ ಪುಣೆಗೆ ಹೋಗುವುದು ಅಮ್ಮನ ಯೋಜನೆ. ಕಂಪಾಸಿನಲ್ಲಿ ಐದು ಪೆನ್ನಿದ್ದವು. ನಾಲ್ಕನ್ನು ತೆಗೆದು ಮನೆಯಲ್ಲೇ ಇಟ್ಟೆ. ದೇವರ ಪಾದ ಮುಟ್ಟಿದ ಪೆನ್ನು ಇರುವಾಗ ಇನ್ನೊಂದನ್ನು ಒಯ್ಯುವುದು ಅಪನಂಬಿಕೆಯ ಲಕ್ಷಣ ಎಂಬುದು ಆ ಹೊತ್ತಿನ ನನ್ನ ಭಕ್ತಿಯ ಎತ್ತರ.

ದರ್ಶನವಾಯಿತು. ಅಂದು ಸಂಕಷ್ಟಿ ಎಂಬುದು ಸಾಲು ನೋಡಿದ ಮೇಲೆ ಗೊತ್ತಾಯಿತು. ಹೊರಗೆ ಬಂದು ಹೆದ್ದಾರಿಯಲ್ಲಿ ನಿಂತರೆ ಬಂದ ಬಸ್ಸುಗಳೆಲ್ಲ ತುಂಬಿ ತುಳುಕುತ್ತಿದ್ದವು. ಕಡೆಗೆ ಈರುಳ್ಳಿ ತುಂಬಿದ ಟೆಂಪೊ ಒಂದು ಸಿಕ್ಕಿತು. ಶಿಕ್ರಾಪುರ, ಸಣಸ್‌ವಾಡಿ, ಕೋರೆಗಾಂವ್ ಭೀಮಾ, ಲೋಣಿಕಂದ ಎಂದು ಊರುಗಳನ್ನು ಎಣಿಸುತ್ತ ವಾಘೋಲಿಗೆ ಬಂದೆ. ವಾಘೋಲಿಯ ಟ್ರಾಫಿಕ್ಕಿನಲ್ಲಿ ನಿಂತವನಿಗೆ ಅನಂತ ಶ್ರೇಣಿ ಅಂದರೆ ಏನೆಂದು ಲ್ಯಾಪ್ಲಾಸ್ ಬಂದು ಹೇಳಬೇಕಾಗಿಲ್ಲ.

ಪರೀಕ್ಷೆ ಶುರುವಾಗಿ ಇಪ್ಪತ್ತೈದು ನಿಮಿಷಕ್ಕೆ, ಈರುಳ್ಳಿ ಸಿಪ್ಪೆ ಸಮೇತ ಒಳಗೆ ಹೋದೆ. ಅದೃಷ್ಟಕ್ಕೆ ಪತ್ರಿಕೆ ಸುಲಭವಿತ್ತು. ನನಗೇ ಸುಲಭವೆನ್ನಿಸಿತು ಎಂದರೆ ಲೆಕ್ಕ ಹಾಕಿ. ಮೂರು ಪ್ರಶ್ನೆ ಮುಗಿಸಿ ನಾಲ್ಕನೆಯದರ ಅರ್ಧಕ್ಕೆ ಬರುವಷ್ಟರಲ್ಲಿ ಪೆನ್ನು ನಿಂತುಹೋಯಿತು. ಕೊಡವಿದೆ, ಉಜ್ಜಿದೆ, ಊದಿದೆ, ಕಣ್ಣಿಗೊತ್ತಿಕೊಂಡೆ. ರಿಫಿಲ್ ಖಾಲಿ. ಪಕ್ಕದವನ ಕಡೆ ತಿರುಗಿದರೆ ಕಾಪಿ ಹೊಡೆಯುತ್ತಿದ್ದೇನೆಂದು ತಿಳಿದಾರು ಎಂಬ ಭಯ. ಸೂಪರ್‌ವೈಸರರನ್ನು ಕೇಳಲು ಬಾಯಿ ಬರಲಿಲ್ಲ. ಹೀಗೆ ಹತ್ತು ನಿಮಿಷ ಕಳೆದ ಮೇಲೆ ಅವರೇ ಬಂದು, “ಪೆನ್ನಾ?” ಎಂದು ತಮ್ಮದನ್ನು ಕೊಟ್ಟರು. ಹಸಿರು ಶಾಯಿ. ಅದರಲ್ಲಿ ಬರೆಯಬಾರದು ಎಂದು ಅವರಿಗೂ ನನಗೂ ಒಟ್ಟಿಗೇ ಹೊಳೆಯಿತು. ನೀಲಿ ಪೆನ್ನು ಹುಡುಕಿ ತರಲು ಇನ್ನೂ ಹತ್ತು ನಿಮಿಷ.

ಬಂದದ್ದು 38.

ಎರಡು ಮಾರ್ಕು ಎಲ್ಲಾದರೂ ಸಿಕ್ಕೀತೆಂದು ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಝೆರಾಕ್ಸ್ ತರಿಸಿದೆ. ತಿದ್ದಿದವರದು ಒಂದೂ ತಪ್ಪಿಲ್ಲ. ಐದನೇ ಪ್ರಶ್ನೆಗೆ ಆರರ ನಂಬರು ಹಾಕಿದ್ದೆ, ಕೂಡುವಾಗ ಏಳು ಮತ್ತು ಆರು ಹನ್ನೊಂದು ಎಂದು ಬರೆದಿದ್ದೆ. ಗುರೂಜಿಗೆ ತೋರಿಸಿದೆ. ಅವರು ಅರ್ಧ ಚಹಾ ಮುಗಿಯುವ ತನಕ ನೋಡಿ, “ನಾನಾಗಿದ್ದರೆ ಮೂವತ್ನಾಲ್ಕು ಕೊಡುತ್ತಿದ್ದೆ” ಎಂದು ಮಡಿಚಿ ವಾಪಸು ಕೊಟ್ಟರು. ನನ್ನ ದಡ್ಡತನವನ್ನು ನಾನೇ ದುಡ್ಡು ಕೊಟ್ಟು ನೋಡಿದ ಹಾಗಾಯಿತು.

ಇದೇ ಕಾಲದಲ್ಲಿ, 2010ರಲ್ಲಿ, ಮಹಾರಾಷ್ಟ್ರ ಬೋರ್ಡು ಹತ್ತನೇ ಕ್ಲಾಸಿಗೆ ‘ಬೆಸ್ಟ್ ಆಫ್ ಫೈವ್’ ಜಾರಿಗೆ ತಂದಿತು. ಹೆಚ್ಚು ಮಾರ್ಕು ಬಂದ ಐದು ವಿಷಯವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು. ಅದರ ಲಾಭ ನನ್ನ ತಂಗಿಗೆ ಸಿಕ್ಕಿತು. ಅವಳಿಗೆ ಅಗತ್ಯವಿರಲಿಲ್ಲ, ಆರಕ್ಕಾರೂ ಬೆಸ್ಟೇ ಇದ್ದವು. ಅಗತ್ಯವಿದ್ದವನು ಅಷ್ಟು ಹೊತ್ತಿಗೆ ಆ ಇಬ್ಬರು ಫ್ರೆಂಚರ ಕೈಯಲ್ಲಿದ್ದ.

ಎಮ್-ತ್ರೀ ಐದನೇ ಸಲಕ್ಕೆ ಪಾಸಾಯಿತು, ಸರಿಯಾಗಿ 40. ನಡುವೆ ಎರಡು ‘ವೈಡಿ’, ಅಂದರೆ ಇಯರ್ ಡೌನ್. ಆ ಎರಡು ವರ್ಷ ಗಲ್ಲಾದಲ್ಲಿ ಕೂತೆ. ಯಾರಾದರೂ “ಕಾಯ್ ಕರ್ತೋಸ್ ಸಧ್ಯಾ?”, ಸದ್ಯ ಏನು ಮಾಡುತ್ತಿದ್ದೀಯ ಎಂದು ಕೇಳಿದರೆ ಟೋಕನ್ ಹರಿದುಕೊಡುತ್ತ, “ಮೆಕ್ಯಾನಿಕಲ್” ಎನ್ನುತ್ತಿದ್ದೆ. ಅವರು ನಾನು ಟೋಕನ್ ಹರಿಯುವ ರೀತಿ ನೋಡಿ ತಲೆಯಾಡಿಸುತ್ತಿದ್ದರು. ಬೇಸರ ಬಂದಾಗ ಘೋಡ ನದಿಯ ದಂಡೆಗೆ ಹೋಗಿ ಕೂರುತ್ತಿದ್ದೆ. ಮಳೆಗಾಲ ಬಿಟ್ಟರೆ ಅದರಲ್ಲಿ ನೀರು ಹರಿಯುವುದು ಕಡಿಮೆ, ನಿಂತೇ ಇರುತ್ತದೆ. ನಮಗಿಬ್ಬರಿಗೂ ಆಗಿಬರುತ್ತಿತ್ತು. ಒಂದು ಸಂಜೆ ಅಪ್ಪಯ್ಯ ಹುಡುಕಿಕೊಂಡು ಬಂದರು. ಬೈಯುತ್ತಾರೆಂದು ಎದ್ದು ನಿಂತೆ. ಅವರು ಪಕ್ಕದ ಕಲ್ಲಿನ ಮೇಲೆ ಕೂತು, ಕಾಗದದಲ್ಲಿ ಸುತ್ತಿ ತಂದಿದ್ದ ಎರಡು ಬನ್ಸ್ ಬಿಚ್ಚಿ, ಒಂದನ್ನು ನನಗೆ ಕೊಟ್ಟರು. “ಉದ್ರಿ ತೀರ್ಸುಕೆ ನಂಗೂ ಏಳು ವರ್ಷ ಹಿಡಿದಿತ್ತ್” ಅಂದರು. ಹೋಟೆಲ್ ಸಾಲದ ವಿಷಯ. ಅದಕ್ಕೂ ಮೊದಲು ಅವರು ಅದನ್ನು ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ.

2014ರ ಬೇಸಿಗೆಯಲ್ಲಿ ಕಡೆಯ ಪತ್ರಿಕೆ ಬರೆದೆ. ನಾನು ಪಾಸಾಗುವುದನ್ನು ಕಾದು ಕಾದು ವಿಶ್ವವಿದ್ಯಾಲಯ ಹೆಸರನ್ನೇ ಬದಲಾಯಿಸಿಕೊಂಡಿತು. 1949ರಿಂದ ಪುಣೆ ವಿಶ್ವವಿದ್ಯಾಲಯವಾಗಿದ್ದದ್ದು ಆ ಆಗಸ್ಟಿನಲ್ಲಿ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯವಾಯಿತು. ನನ್ನ ಪದವಿ ಪ್ರಮಾಣಪತ್ರ ಹೊಸ ಹೆಸರಿನಲ್ಲಿ ಬಂತು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಓದಿದರು. ಆರು ವರ್ಷ ಉದ್ರಿ ಹೇಳಿದ ಮಗ ಕಡೆಗೆ ಪೇಟೆಯಲ್ಲಿ ಎಲ್ಲೋ ಅಚ್ಚು ಹಾಕಿಸಿಕೊಂಡು ಬಂದಿದ್ದಾನೆ ಎಂಬ ಸಂಶಯ ಮುಖದಲ್ಲಿ ಎದ್ದು ಕಾಣುತ್ತಿತ್ತು. “ನೀ ಸೇರಿದ್ದ್ ಬೇರೆ ಅಲ್ದಾ?” ಅಂದರು.

ತೀರ್ಪಿಗೆ ಗುರೂಜಿಯನ್ನು ಕರೆಸಿದರು. ಅವರು ಮುದ್ರೆ ನೋಡಿ, ಸಹಿ ನೋಡಿ, ಅಸಲೇ ಇದೆ ಎಂದು ಸಾರಿದರು. ಆಮೇಲೆ ಅಮ್ಮನ ಕಡೆ ತಿರುಗಿ ಸಾವಿತ್ರಿಬಾಯಿಯ ಕತೆ ಹೇಳತೊಡಗಿದರು. 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಗಂಡಹೆಂಡತಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು, ಆಗ ಆಕೆಗೆ ವಯಸ್ಸು ಬರೀ ಹದಿನೇಳು, ಪಾಠ ಹೇಳಲು ಹೋಗುವ ದಾರಿಯಲ್ಲಿ ಜನ ಸೆಗಣಿ, ಕೆಸರು ಎರಚುತ್ತಿದ್ದದ್ದು, ಶಾಲೆ ಮುಟ್ಟಿದ ಮೇಲೆ ಉಟ್ಟುಕೊಳ್ಳಲೆಂದು ಆಕೆ ಇನ್ನೊಂದು ಸೀರೆಯನ್ನು ಜೊತೆಗೇ ಒಯ್ಯುತ್ತಿದ್ದದ್ದು.

ಅಮ್ಮ ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಆ ಪುಣ್ಯಾತ್ಗಿತ್ತಿ ದಿನಾ ಒಂದ್ ಸೀರಿ ಹೆಚ್ಚಿಗೆ ತಕಂಡ್ ಹೋತಿದ್ಲಂಬ್ರ್. ನಿಂಗೆ ಒಂದ್ ಪೆನ್ನ್ ಹೆಚ್ಚಿಗೆ ತಕಂಡ್ ಹೋಪುಕ್ ಆಯ್ಲಿಲ್ಯಾ ಮಾಣಿ?”